ಬಿಗಿತೋಳು

"ಎಳಿ."

"ಎಳೀತಿದೀನಮ್ಮಾ!"

"ಇದು ಎಳೆಯೋದಲ್ಲ, ನೇವರಿಸೋದು. ಶಕ್ತಿ ಹಾಕು. ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೆ ನಿಂದು?"

"ಇನ್ನೂ ತಿಂದೇ ಇಲ್ಲ ನಾನು."

ಗುಂಡಿ ಎರಡೂ ಕೈಗೆ ಪಾತ್ರೆ ತೊಳೆಯುವ ಹಳದಿ ರಬ್ಬರ್ ಗ್ಲೌಸ್ ಹಾಕಿಕೊಂಡಿದ್ದಳು. ದೊಡ್ಡವರ ಗ್ಲೌಸ್. ಬೆರಳ ತುದಿಗಳು ಖಾಲಿಯಾಗಿ ಜೋಲಾಡುತ್ತಿದ್ದವು. ಮಂಚದ ಕಾಲಿಗೆ ಪಾದ ಒತ್ತಿ, ಹಲ್ಲು ಕಚ್ಚಿ, ಅಮ್ಮನ ಎಡಗೈಗೆ ಬಿಗಿತೋಳು ಏರಿಸುತ್ತಿದ್ದಳು. ಮಣಿಕಟ್ಟು ದಾಟಿತು. ಮುಂಗೈ ದಾಟಿತು. ಮೊಣಕೈ ಹತ್ತಿರ ಬಂದು, ಹಟ ಹಿಡಿದ ಕತ್ತೆಯ ಹಾಗೆ ನಿಂತುಬಿಟ್ಟಿತು.

ಬಿಗಿತೋಳು ಅಂದರೆ ಅಂಗಿಯೇ ಇಲ್ಲದ ಬರೀ ತೋಳು. ಗೋಧಿ ಬಣ್ಣದ್ದು. ದಪ್ಪ ರಬ್ಬರ್ ದಾರದಲ್ಲಿ ಹೆಣೆದದ್ದು. ಆಸ್ಪತ್ರೆಯಲ್ಲಿ ಟೇಪು ಹಿಡಿದು, ಅಮ್ಮನ ಕೈಯನ್ನು ಹನ್ನೊಂದು ಕಡೆ ಅಳೆದು ಮಾಡಿಸಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಅಮ್ಮ ಬಿಗಿತೋಳು ಅಂದಳು. ಅಜ್ಜಿ ಹಾವಿನ ಪೊರೆ ಅಂದಳು.

"ಹಾವು ಕೂಡ ಪೊರೆಗೆ ಇಷ್ಟು ಹೊತ್ತು ತಗೊಳ್ಳಲ್ಲ," ಒಲೆಯ ಹತ್ತಿರದಿಂದ ಅಜ್ಜಿ ಕೂಗಿದಳು.

"ಹಾವು ಬಿಚ್ಚೋದು ಅಜ್ಜಿ. ನಾವು ಹಾಕೋದು!"

ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. "ತೋಳಕ್ಕಾ! ಬಸ್ಸು ಹೋದ್ರೆ ನಾನು ನಿನ್ನ ಹೊತ್ಕೊಂಡು ಹೋಗಲ್ಲ, ಈಗ್ಲೇ ಹೇಳಿದೀನಿ!"

ಅದು ಪಕ್ಕದ ಮನೆಯ ಕಾಲರಕ್ಕ. ಅಮ್ಮನ ಜೊತೆ ಗಾರ್ಮೆಂಟ್ಸಿಗೆ ಹೋಗುವವಳು.

ಗುಂಡಿ ಕಣ್ಣು ಮುಚ್ಚಿ ಕೊನೆಯ ಸಲ ಎಳೆದಳು. ಬಿಗಿತೋಳು ಮೊಣಕೈ ದಾಟಿ ಕಂಕುಳಿಗೆ ಬಂತು. ಅಮ್ಮ "ಸ್ಸ್" ಅಂದಳು. ಆಮೇಲೆ ತೋಳಿನ ಒಳಭಾಗದಲ್ಲಿ ಸುಕ್ಕು ನೇರ ಮಾಡುವಾಗ ಏನೂ ಅನ್ನಲಿಲ್ಲ. ಆಪರೇಷನ್ ಆದಾಗಿನಿಂದ ಆ ಜಾಗಕ್ಕೆ ಮುಟ್ಟಿದ್ದು ತಿಳಿಯುವುದಿಲ್ಲ. ಗುಂಡಿ ಒಮ್ಮೊಮ್ಮೆ ಅಲ್ಲಿ ಬೆರಳಿನಿಂದ ಬರೆಯುತ್ತಿದ್ದಳು.

"ಏನ್ ಬರೆದೆ ಹೇಳು?"

"ಎಲ್ಲಿ ಬರೆದೆ?"

"ನನ್ನ ಹೆಸರು ಬರೆದೆ! ಎರಡು ಸಲ!"

ಅಮ್ಮ ನಗುತ್ತಿದ್ದಳು. ಗುಂಡಿಗೆ ಆ ಆಟ ಹಿಡಿಸುತ್ತಿರಲಿಲ್ಲ. ಆದರೂ ಬರೆಯುತ್ತಿದ್ದಳು. ಯಾವತ್ತಾದರೂ ಒಂದು ದಿನ ಗೊತ್ತಾಗಬಹುದಲ್ಲ.

ಗುಂಡಿ ಅನ್ನುವುದು ಶಾಲೆಯ ಹೆಸರಲ್ಲ. ಒಂದು ವರ್ಷದವಳಿದ್ದಾಗ ಅವಳು ಅಂಗಿಯ ಗುಂಡಿಯೊಂದನ್ನು ನುಂಗಿದ್ದಳು. ಮನೆಯೆಲ್ಲ ಗೋಳೋ ಅಂದಿತ್ತು. ಮೂರನೇ ದಿನ ಗುಂಡಿ ಹೊರಗೆ ಬಂತು. "ತೊಳೆದು ಅದೇ ಅಂಗಿಗೆ ಹೊಲಿದ್ವಿ," ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ಫೋನ್ ಮಾಡಿದಾಗ ಈಗಲೂ ಮೊದಲು ಕೇಳುವುದು ಅದನ್ನೇ. "ಗುಂಡಿ, ಇವತ್ತೇನು ನುಂಗಿದೆ?"

ಗಾರ್ಮೆಂಟ್ಸಿನಲ್ಲೂ ಯಾರಿಗೂ ಸ್ವಂತ ಹೆಸರಿರಲಿಲ್ಲ. ಯಾರು ಯಾವ ಮೆಶಿನ್ನಿನಲ್ಲಿ ಕೂರುತ್ತಾರೋ ಅದೇ ಅವರ ಹೆಸರು. ಕಾಲರ್ ಹೊಲಿಯುವವಳು ಕಾಲರಕ್ಕ. ಜೇಬು ಹೊಲಿಯುವವಳು ಜೇಬಕ್ಕ. ಅಮ್ಮ ಒಂಬತ್ತು ವರ್ಷದಿಂದ ಅಂಗಿಗಳಿಗೆ ತೋಳು ಕೂರಿಸುತ್ತಿದ್ದಳು. ಅವಳು ತೋಳಕ್ಕ.

ತೋಳು ಕೂರಿಸುವುದು ಎಲ್ಲರ ಕೈಯಲ್ಲಾಗುವ ಕೆಲಸವಲ್ಲ. ತೋಳೂ ದುಂಡು, ಅದನ್ನು ಸೇರಿಸುವ ಜಾಗವೂ ದುಂಡು. ಎರಡನ್ನೂ ಸುಕ್ಕು ಬೀಳದ ಹಾಗೆ ಸೂಜಿಯ ಕೆಳಗೆ ತಿರುಗಿಸಬೇಕು. ಬಲಗೈ ಹಿಡಿಯುತ್ತದೆ. ತಿರುಗಿಸುವುದು ಎಡಗೈ.

ಆ ಎಡಗೈಯೇ ಊದಿಕೊಂಡಿತು.

ಎರಡು ವರ್ಷದ ಹಿಂದೆ ಅಮ್ಮನ ಎದೆಯಲ್ಲಿ ಗಂಟು ಸಿಕ್ಕಿತ್ತು. ಕ್ಯಾನ್ಸರ್ ಗಂಟು. ಡಾಕ್ಟರು ಅದನ್ನು ತೆಗೆದರು. ಕಂಕುಳಲ್ಲಿದ್ದ ಬಟಾಣಿಯಂಥ ಹತ್ತು ಹದಿನೈದು ಗಂಟುಗಳನ್ನೂ ತೆಗೆದರು. ಆಮೇಲೆ ಕೀಮೋ ಕೊಟ್ಟರು, ಕರೆಂಟು ಕೊಟ್ಟರು. ಕೂದಲು ಹೋಯಿತು, ಬಂತು. "ಗೆದ್ದುಬಿಟ್ಟೆ ಬಿಡು," ಅಂತ ಬೀದಿಯವರೆಲ್ಲ ಬಂದು ಅಂದರು. ಟೀ ಕುಡಿದು ಹೋದರು.

ಎಲ್ಲರೂ ಹೋದಮೇಲೆ ಕೈ ಊದಲು ಶುರುವಾಯಿತು. ಮೊದಲು ವಾಚಿನ ಬೆಲ್ಟು ಬಿಗಿಯಾಯಿತು. ಆಮೇಲೆ ರವಿಕೆಯ ಎಡತೋಳು. ಆಮೇಲೆ ಬೆರಳುಗಳ ಗೆಣ್ಣೇ ಕಾಣಿಸದಾಯಿತು.

ಆಸ್ಪತ್ರೆಯ ಫಿಸಿಯೋ ಮೇಡಂ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರು. ಮೈಯಲ್ಲಿ ರಕ್ತ ಹರಿಯುವ ಹಾಗೆ ಇನ್ನೊಂದು ನೀರೂ ಹರಿಯುತ್ತದೆ. ಬಣ್ಣವಿಲ್ಲದ್ದು. ಕಂಕುಳ ಗಂಟುಗಳು ಅದನ್ನು ಸೋಸಿ ಮುಂದಕ್ಕೆ ಕಳಿಸುತ್ತವೆ. ಗಂಟುಗಳನ್ನು ತೆಗೆದುಬಿಟ್ಟರೆ ನೀರಿಗೆ ದಾರಿ ಇಲ್ಲ. ಅಲ್ಲೇ ನಿಲ್ಲುತ್ತದೆ. ನಿಂತು ನಿಂತು ಕೈ ಊದುತ್ತದೆ.

"ಯಾವಾಗ ವಾಸಿ ಆಗುತ್ತೆ?" ಗುಂಡಿ ಮನೆಯಲ್ಲಿ ಕೇಳಿದ್ದಳು.

"ಬೇಗ," ಅಮ್ಮ ಅಂದಿದ್ದಳು.

"ಬೇಗ," ಅಜ್ಜಿಯೂ ಅಂದಿದ್ದಳು.

ಆ ಬೇಗಕ್ಕೆ ಈಗ ಒಂದು ವರ್ಷವಾಗಿತ್ತು.

ಅವತ್ತು ಶನಿವಾರ. ಸಂಜೆ ಅಮ್ಮ ಬಂದವಳೇ ಚೀಲವನ್ನು ಮೂಲೆಗೆ ಎಸೆದಳು. ಹಿಂದೆಯೇ ಕಾಲರಕ್ಕ ಬಂದಳು.

"ಹೇಳು ನಿಮ್ಮಮ್ಮಂಗೆ, ಏನಂದ ಅಂತ," ಕಾಲರಕ್ಕ ಅಜ್ಜಿಯ ಕಡೆ ಕೈ ತೋರಿಸಿ ಅಂದಳು.

"ಬಿಡು."

"ನೀನು ಹೇಳ್ದಿದ್ರೆ ನಾನೇ ಹೇಳ್ತೀನಿ. ಆ ಸೂಪರ್‌ವೈಸರ್ ಇದಾನಲ್ಲಮ್ಮ, ಎಲ್ಲರ ಮುಂದೆ ಅಂತಾನೆ, ಅಂಗಿಗೆ ಎರಡು ತೋಳು ಕೂರಿಸೋಳಿಗೆ ಅವಳ ಎರಡು ತೋಳೂ ನೆಟ್ಟಗಿರ್ಬೇಕು ಅಂತ. ಎಲ್ಲ ಕಿಸಕ್ ಅಂದ್ರು."

"ನೀನೂ ನಕ್ಕೆ," ಅಮ್ಮ ಅಂದಳು.

"ಹೆದರಿಕೆಗೆ ನಕ್ಕೆ ಕಣೇ," ಅಂದಳು ಕಾಲರಕ್ಕ.

ಸೋಮವಾರ ಸೂಪರ್‌ವೈಸರ್ ಗಡಿಯಾರ ಹಿಡಿದು ನಿಲ್ಲುತ್ತಾನಂತೆ. ಗಂಟೆಗೆ ಅರವತ್ತು ಅಂಗಿ ಆಗಬೇಕು. ಆದರೆ ಅಮ್ಮ ತನ್ನ ಮೆಶಿನ್ನಿನಲ್ಲೇ ಇರಬಹುದು. ಆಗದಿದ್ದರೆ ದಾರ ಕತ್ತರಿಸುವ ಕಡೆಗೆ. ಅಲ್ಲಿ ಕುರ್ಚಿಯಿಲ್ಲ. ದಿನವಿಡೀ ನಿಂತುಕೊಂಡು, ಬೇರೆಯವರು ಹೊಲಿದ ಅಂಗಿಗಳ ಉಳಿದ ದಾರ ಕತ್ತರಿಸುವುದು. ಕೆಲಸ ಬಾರದವರನ್ನು ಮೊದಲ ದಿನ ನಿಲ್ಲಿಸುವ ಜಾಗ ಅದು.

"ಈಗೆಷ್ಟು ಆಗುತ್ತೆ?" ಅಜ್ಜಿ ಕೇಳಿದಳು.

"ನಲವತ್ತೈದು. ಮೊಣಕೈ ಮಡಚೋಕೇ ಬಿಡಲ್ಲ ಇದು," ಅಮ್ಮ ಬಿಗಿತೋಳಿನ ಮೇಲೆ ಪಟ್ ಅಂತ ಹೊಡೆದಳು. "ಒಂದು ಅರ್ಧ ಇಂಚು ಸಡಿಲ ಇದ್ದಿದ್ರೆ ಅರವತ್ತೇನು, ಎಪ್ಪತ್ತು ಹೊಲಿದು ಅವನ ಮುಖಕ್ಕೆ ಎಸೀತಿದ್ದೆ."

"ಒಂದು ಗಂಟೆ ಬಿಚ್ಚಿಟ್ಟು ಹೊಲಿ."

"ಬಿಚ್ಚಿದ್ರೆ ಊದುತ್ತಮ್ಮ. ಹಾಕಿದ್ರೆ ಹೊಲಿಯೋಕಾಗಲ್ಲ, ಬಿಚ್ಚಿದ್ರೆ ಊದುತ್ತೆ. ಏನ್ ಮಾಡ್ಲಿ, ಕೈ ಕಡಿದು ಅವನ ಟೇಬಲ್ ಮೇಲಿಟ್ಟು ಬರ್ಲಾ?"

ಮೂಲೆಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಗುಂಡಿ ಪೆನ್ಸಿಲ್ ಕಚ್ಚಿದಳು. ಅರ್ಧ ಇಂಚು. ಬರೀ ಅರ್ಧ ಇಂಚು.

ಆ ಮನೆಯಲ್ಲಿ ಯಾವ ಬಟ್ಟೆಯನ್ನೂ ಬಿಗಿಯಾಯಿತು ಅಂತ ಎಸೆದದ್ದಿಲ್ಲ. ಗುಂಡಿಯ ಯೂನಿಫಾರ್ಮನ್ನು ಅಮ್ಮ ಎರಡು ಸಲ ಬಿಚ್ಚಿ, ಪಕ್ಕಕ್ಕೆ ಪಟ್ಟಿ ಕೊಟ್ಟು ಅಗಲ ಮಾಡಿದ್ದಳು. ಅಜ್ಜಿಯ ರವಿಕೆಗೂ ಅಷ್ಟೆ. ಬಿಗಿಯಾದರೆ ಬಿಚ್ಚು, ಪಟ್ಟಿ ಕೊಡು, ಹೊಲಿ. ಇಷ್ಟು ಸುಲಭದ್ದು ಅಮ್ಮನಿಗೆ ಯಾಕೆ ಹೊಳೆಯಲಿಲ್ಲ?

ಗುಂಡಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಿಂದಿನ ವಾರ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ಅಮ್ಮ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಕ್ಲಾಸಿನ ಉದ್ದ ಜಡೆಯವಳು ಗುಂಡಿಯ ಕಿವಿಯಲ್ಲಿ ಕೇಳಿದಳು, "ಅವರ ಒಂದೇ ಕೈಗೆ ಸೈಕಲ್ ಪಂಪ್ ಹೊಡೆದಿದಾರಾ?" ಹಿಂದಿನ ಬೆಂಚಿನವರು ನಕ್ಕರು. "ಯಾರಮ್ಮ ಅವರು?" ಅಂದಳು ಇನ್ನೊಬ್ಬಳು. ಗುಂಡಿ "ನಮ್ಮಮ್ಮ" ಅನ್ನಲಿಲ್ಲ. ಪುಸ್ತಕ ತೆಗೆಯುವ ಹಾಗೆ ಚೀಲದೊಳಗೆ ಮುಖ ಹಾಕಿದಳು. ತಲೆ ಎತ್ತಿದಾಗ ಅಮ್ಮ ಶಾಲನ್ನು ಎಡಗೈ ಮೇಲೆ ಎಳೆದುಕೊಳ್ಳುತ್ತಿದ್ದಳು. ಕೇಳಿಸಿತ್ತೋ ಇಲ್ಲವೋ. ಕೇಳುವ ಧೈರ್ಯ ಗುಂಡಿಗೆ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅಮ್ಮ ಎಡಗೈಯನ್ನು ಎರಡು ದಿಂಬಿನ ಮೇಲೆ ಎತ್ತರಕ್ಕಿಟ್ಟು ಮಲಗಿದಳು. ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಬಿಗಿತೋಳನ್ನು ಸೋಪಿನಲ್ಲಿ ಅದ್ದಿ ತೊಳೆದು ನೆರಳಲ್ಲಿ ಒಣಗಿಸುವುದು ಭಾನುವಾರ ಗುಂಡಿಯ ಕೆಲಸ. ಅವಳು ಒಣಗಿದ ಬಿಗಿತೋಳು, ಅಮ್ಮನ ಹೊಲಿಗೆ ಡಬ್ಬಿ, ತನ್ನ ಹಳೆಯ ಲೆಗಿಂಗ್ಸ್ ಹಿಡಿದು ಹಿತ್ತಲಿನ ಮೆಟ್ಟಿಲ ಮೇಲೆ ಕೂತಳು. ಲೆಗಿಂಗ್ಸಿನ ಬಣ್ಣ ಮಾಸಿ ಮಾಸಿ ಗೋಧಿಯ ಬಣ್ಣಕ್ಕೇ ಬಂದಿತ್ತು.

ಬಿಗಿತೋಳಿಗೆ ಉದ್ದಕ್ಕೆ ಒಂದೇ ಹೊಲಿಗೆ, ತೋಳಿನ ಒಳಭಾಗಕ್ಕೆ ಬರುವಂಥದ್ದು. ಗುಂಡಿ ಅದರ ಮೇಲೆ ಅರ್ಧ ಬ್ಲೇಡಿನ ಮೂಲೆ ಇಟ್ಟಳು. ಟಕ್. ಮೊದಲ ದಾರ ಕಡಿಯಿತು. ಕಂಕುಳಿನಿಂದ ಮೊಣಕೈ ದಾಟುವವರೆಗೆ ಬಿಚ್ಚಿದಳು. ಆ ದಪ್ಪ ಬಟ್ಟೆ ಎರಡೂ ಕಡೆಗೆ ಸರಕ್ಕನೆ ಸರಿಯಿತು, ಇಷ್ಟು ದಿನ ಉಸಿರು ಬಿಗಿಹಿಡಿದು ಕೂತಿದ್ದ ಹಾಗೆ.

ಮೆಶಿನ್ ತುಳಿದರೆ ಅಮ್ಮ ಏಳುತ್ತಾಳೆ. ಗುಂಡಿ ಕೈಯಲ್ಲೇ ಹೊಲಿದಳು. ಎರಡು ಬೆರಳಗಲದ ಪಟ್ಟಿ. ಚಿಕ್ಕ ಚಿಕ್ಕ ಹೊಲಿಗೆ. ಬೆರಳಿಗೆ ಐದು ಸಲ ಚುಚ್ಚಿಕೊಂಡಳು, ಒಂದು ಸಲವೂ ಕೂಗಲಿಲ್ಲ. ಕೊನೆಯಲ್ಲಿ ದಾರಕ್ಕೆ ಒಂದರ ಮೇಲೊಂದು ನಾಲ್ಕು ಗಂಟು ಹಾಕಿದಳು. ಅದು ಅವಳ ಅಭ್ಯಾಸ. ಒಂದು ಬಿಚ್ಚಿದರೂ ಇನ್ನು ಮೂರು ಇರುತ್ತವಲ್ಲ. ಅಮ್ಮ ಅದಕ್ಕೆ ಯಾವಾಗಲೂ ಬೈಯುತ್ತಿದ್ದಳು. "ಇದೇನೇ, ಗಂಟೋ ಗೋಲಿಯೋ? ಒಳಗಡೆ ಇಂಥದ್ದು ಬಿಟ್ರೆ ಹಾಕ್ಕೊಳ್ಳೋರಿಗೆ ಚುಚ್ಚಲ್ವಾ?"

ಗಂಟನ್ನು ಎಲ್ಲಿ ಬಿಡುವುದು? ಹೊರಗೆ ಬಿಟ್ಟರೆ ಅಮ್ಮನ ಕಣ್ಣಿಗೆ ಬೀಳುತ್ತದೆ. ಒಳಗೆ ಬಿಟ್ಟರೆ?

ಅಲ್ಲಿ ಅಮ್ಮನಿಗೆ ಹೇಗೂ ಏನೂ ಗೊತ್ತಾಗುವುದಿಲ್ಲ.

ಗುಂಡಿ ಗಂಟನ್ನು ಒಳಗೆ ಬಿಟ್ಟಳು.

ಸೋಮವಾರ ಬೆಳಿಗ್ಗೆ ಬಿಗಿತೋಳು ಒಂದೇ ಎಳೆತಕ್ಕೆ ಮೊಣಕೈ ದಾಟಿತು. ಅಮ್ಮ ಕೈಯನ್ನು ಮಡಚಿದಳು. ಬಿಡಿಸಿದಳು. ಮತ್ತೆ ಮಡಚಿದಳು.

"ಅಮ್ಮಾ," ಅವಳು ಅಜ್ಜಿಯನ್ನು ಕೂಗಿದಳು. ದನಿ ಸಣ್ಣಗಾಗಿತ್ತು. "ಬಾಮ್ಮ ಇಲ್ಲಿ. ಕೈ ಇಳಿದಿದೆ."

ಅಜ್ಜಿ ಓಡಿ ಬಂದು ಕೈ ಹಿಡಿದು ನೋಡಿದಳು. "ಹೇಳ್ಲಿಲ್ವಾ ನಾನು? ಬೇಗ ವಾಸಿ ಆಗುತ್ತೆ ಅಂತ ಹೇಳ್ಲಿಲ್ವಾ?" ಅಂತ ಸೆರಗಿನಿಂದ ಮೂಗು ಒರೆಸಿಕೊಂಡಳು.

ಗುಂಡಿ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಮ್ಮ ನಗುತ್ತಿದ್ದಳು. ಬೀದಿಯವರಿಗೆ ತೋರಿಸುವ ನಗುವಲ್ಲ. ಗುಂಡಿ ಗ್ಲೌಸ್ ಬಿಚ್ಚಿ ಮೊಳೆಗೆ ಸಿಕ್ಕಿಸಿದಳು.

ಅವತ್ತು ಅಮ್ಮ ಗಂಟೆಗೆ ಅರವತ್ತಮೂರು ಅಂಗಿ ಹೊಲಿದಳು.

"ಅವನ ಮುಖ ನೋಡ್ಬೇಕಿತ್ತು ಗುಂಡಿ!" ಸಂಜೆ ಕಾಲರಕ್ಕ ಬಾಗಿಲಲ್ಲೇ ಕುಣಿದಳು. "ನಿಂಬೆಹಣ್ಣು ಕಚ್ಚಿದ ಹಾಗೆ! ಗಡಿಯಾರಾನ ಎರಡು ಸಲ ಅಲ್ಲಾಡಿಸ್ದ, ಕೆಟ್ಟೋಗಿದೆಯೇನೋ ಅಂತ!"

ರಾತ್ರಿ ಗುಂಡಿ ಬಿಗಿತೋಳನ್ನು ಬಿಚ್ಚಿ ತಾನೇ ಎತ್ತಿಟ್ಟಳು. ಅಮ್ಮನ ಬೆರಳುಗಳು ಬೆಳಿಗ್ಗೆಗಿಂತ ದಪ್ಪವಾಗಿ ಕಂಡವು. "ಇವತ್ತು ಜಾಸ್ತಿ ಓಡಿಸ್ದೆ ಮೆಶಿನ್ನು, ಅದಕ್ಕೆ," ಅಂದಳು ಅಮ್ಮ.

ಮಂಗಳವಾರ ಕೈ ಕಲ್ಲಿನ ಹಾಗೆ ಭಾರವಾಯಿತು. ಆದರೂ ಅಮ್ಮ ಕೆಲಸಕ್ಕೆ ಹೋದಳು. ಗೆದ್ದ ಮಾರನೇ ದಿನವೇ ರಜೆ ಹಾಕಿದರೆ ಅವನು ಬಿಡುತ್ತಾನಾ?

ಬುಧವಾರ ಬೆಳಗಿನ ಜಾವ ಮಂಚ ಗಡಗಡ ಅಲ್ಲಾಡುವ ಸದ್ದಿಗೆ ಗುಂಡಿಗೆ ಎಚ್ಚರವಾಯಿತು. ಅಮ್ಮ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು. ಅಜ್ಜಿ ಲೈಟ್ ಹಾಕಿದಳು. ಅಮ್ಮನ ತೋಳಿನ ಒಳಭಾಗ ಕಂಕುಳಿನಿಂದ ಮೊಣಕೈವರೆಗೆ ಕೆಂಪಗಾಗಿತ್ತು. ಮುಟ್ಟಿದರೆ ಇಸ್ತ್ರಿಪೆಟ್ಟಿಗೆಯ ಹಾಗೆ ಬಿಸಿ. ಕಂಕುಳ ಹತ್ತಿರ ಹೆಸರುಕಾಳಿನಷ್ಟು ಜಾಗದಲ್ಲಿ ಚರ್ಮ ಕಿತ್ತುಹೋಗಿತ್ತು.

ನಾಲ್ಕು ಗಂಟು ಇದ್ದದ್ದು ಸರಿಯಾಗಿ ಅಲ್ಲೇ.

ಆಸ್ಪತ್ರೆಯಲ್ಲಿ ಮಂಚ ಸಿಗಲು ಮಧ್ಯಾಹ್ನವಾಯಿತು. ಎಡಗೈಗೆ ಸೂಜಿ ಹಾಕಬಾರದು ಅಂತ ಅಮ್ಮ ಜ್ವರದಲ್ಲೇ ನಾಲ್ಕು ಸಲ ಹೇಳಿದಳು. ನರ್ಸಿಗೆ ಕೇಳಿಸಿದ್ದು ನಾಲ್ಕನೇ ಸಲ. ಬಲಗೈಗೆ ಡ್ರಿಪ್ ಹಾಕಿದರು. ಎರಡು ಕೈಯೂ ಇಲ್ಲದ ಹಾಗೆ ಅಮ್ಮ ಮಲಗಿದಳು. ನೀರು ಕುಡಿಸಲೂ ಬೇರೆಯವರೇ ಬೇಕಾಯಿತು.

ಮಾರನೇ ದಿನ ಫಿಸಿಯೋ ಮೇಡಂ ಬಂದರು. ಬಿಗಿತೋಳು ಎಲ್ಲಿ ಅಂದರು. ಅಜ್ಜಿ ಕವರಿನಿಂದ ತೆಗೆದು ಕೊಟ್ಟಳು. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಯಾರ್ರೀ ಇದನ್ನ ಕುಯ್ದಿದ್ದು?"

ಗುಂಡಿ ಅಜ್ಜಿಯ ಹಿಂದಕ್ಕೆ ಸರಿದಳು.

"ಕೊಡಿ ಇಲ್ಲಿ," ಅಮ್ಮ ಅಂದಳು. ಡ್ರಿಪ್ ಇದ್ದ ಕೈಯಲ್ಲೇ ಅದನ್ನು ಹಿಡಿದು, ಒಳಗಡೆ ಹೊರಗೆ ಮಾಡಿದಳು. ಹೊಲಿಗೆ ಕೈಗೆ ಸಿಕ್ಕರೆ ಒಳಗಡೆ ತಿರುಗಿಸಿ ನೋಡುವುದು ಅವಳ ಚಾಳಿ. ಹೆಬ್ಬೆರಳು ಪಟ್ಟಿಯುದ್ದಕ್ಕೂ ಮೆಲ್ಲಗೆ ಸರಿಯಿತು. ಕೊನೆಯಲ್ಲಿ ಗಂಟಿನ ಮೇಲೆ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ನಾನೇ," ಅಮ್ಮ ಅಂದಳು.

"ನೀವೇನಾ?"

"ಬಿಗಿ ಆಗ್ತಿತ್ತು. ನಾನೇ ಸಡಿಲ ಮಾಡ್ಕೊಂಡೆ."

ಮೇಡಂ ಬೈದರು. ಪಕ್ಕದ ಮಂಚದವರೆಲ್ಲ ತಿರುಗಿ ನೋಡುವ ಹಾಗೆ ಬೈದರು. "ಬಿಗಿ ಇರೋದಕ್ಕೇ ಅದು ಕೆಲಸ ಮಾಡೋದು ಕಣ್ರೀ! ಒತ್ತಿ ಹಿಡಿದ್ರೆ ತಾನೇ ನೀರು ಮೇಲೆ ಹತ್ತೋದು? ಸಡಿಲ ಮಾಡಿದ್ರೆ ಇದು ಬರೀ ಬಟ್ಟೆ. ಹೋಗ್ಲಿ, ಈ ಗಂಟು ನೋಡಿ. ಉಜ್ಜಿ ಉಜ್ಜಿ ಚರ್ಮ ಕಿತ್ತಿದೆ. ನಿಮ್ಮ ಕೈಗೆ ಸೊಳ್ಳೆ ಕಚ್ಚಿದ್ರೂ ಸಾಕು, ಕ್ರಿಮಿ ಒಳಗೆ ಹೋಗುತ್ತೆ ಅಂತ ಎಷ್ಟು ಸಲ ಹೇಳಿದೀನಿ? ಬಟ್ಟೆ ಹೊಲಿಯೋರಾಗಿ ಇಷ್ಟೂ ಗೊತ್ತಾಗಲ್ವಾ ನಿಮಗೆ?"

ಅಮ್ಮ ಗೋಡೆ ನೋಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವಳ ಹೊಲಿಗೆಯನ್ನು ಯಾರೂ ಹೀಗೆ ಬೈದಿರಲಿಲ್ಲ.

"ಮೇಡಂ," ಗುಂಡಿಯ ಬಾಯಿಂದ ಬೇರೆಯೇ ಮಾತು ಬಂತು. "ಯಾವಾಗ ವಾಸಿ ಆಗುತ್ತೆ?"

"ಜ್ವರಾನಾ? ನಾಲ್ಕೈದು ದಿನ."

"ಜ್ವರ ಅಲ್ಲ. ಕೈ."

ಮೇಡಂ ಅಮ್ಮನ ಮುಖ ನೋಡಿದರು. ಆಮೇಲೆ ಅಜ್ಜಿಯ ಮುಖ ನೋಡಿದರು. ಇಬ್ಬರೂ ತಲೆ ಎತ್ತಲಿಲ್ಲ. ಮೇಡಂ ದನಿ ಇಳಿಸಿದರು.

"ಮಗೂಗೆ ಹೇಳಿಲ್ವಾ ನೀವು? ನೋಡು ಪುಟ್ಟಿ, ಇದು ಪೂರ್ತಿ ವಾಸಿ ಆಗಲ್ಲ. ತೆಗೆದ ಗಂಟುಗಳು ವಾಪಸ್ ಬೆಳೆಯಲ್ಲ. ಹತೋಟಿಲಿ ಇಟ್ಕೋಬಹುದು, ಅಷ್ಟೆ. ದಿನಾ ಇಟ್ಕೋಬೇಕು."

"ಎಷ್ಟು ದಿನ?"

"ಯಾವಾಗ್ಲೂ."

ನುಂಗಿದ ಗುಂಡಿ ಮೂರೇ ದಿನಕ್ಕೆ ವಾಪಸ್ ಬಂದಿತ್ತು. ಗುಂಡಿಗೆ ಯಾಕೋ ಅದು ನೆನಪಾಯಿತು.

ಸಂಜೆ ಅಜ್ಜಿ ಟೀ ತರಲು ಕೆಳಗೆ ಹೋದಳು. ಗುಂಡಿ ಮಂಚದ ಅಂಚಿನಲ್ಲಿ ಕೂತಳು.

"ಅಮ್ಮಾ. ಅದು ನಾನು."

"ಗೊತ್ತು."

"ಹೇಗೆ?"

"ನಾಲ್ಕು ಗಂಟು."

ಗುಂಡಿ ಅಳಲು ಶುರು ಮಾಡಿದಳು. ಅಮ್ಮ ಸಮಾಧಾನ ಮಾಡಲಿಲ್ಲ.

"ಮತ್ಯಾಕೆ ನಾನೇ ಅಂತ ಹೇಳ್ದೆ?"

"ನೀನು ಅಂತ ಹೇಳಿದ್ರೆ ಬೈತಿರ್ಲಿಲ್ಲ. ಅಯ್ಯೋ ಪಾಪ ಮಗು, ಅಯ್ಯೋ ಪಾಪ ತಾಯಿ ಅಂತಿದ್ರು. ಈ ಎರಡು ವರ್ಷದಲ್ಲಿ ಪಾಪ ಅನ್ನಿಸ್ಕೊಂಡು ಅನ್ನಿಸ್ಕೊಂಡು ನನಗೆ ಸಾಕಾಗಿದೆ. ಬೈಗುಳಾನೇ ವಾಸಿ." ಅಮ್ಮನ ದನಿ ಏರಿತು. "ಒಂದು ಮಾತು ಕೇಳೋಕೇನಾಗಿತ್ತೇ ನಿಂಗೆ? ಬಾಯಲ್ಲೇನಿಟ್ಕೊಂಡಿದ್ದೆ? ಕೈ ಇಳಿದಿದೆ ಅಂತ ನಾನು ಹುಚ್ಚಿ ಹಾಗೆ ಕೂಗ್ತಿದ್ನಲ್ಲ, ಆಗ್ಲಾದ್ರೂ ಹೇಳೋಕೇನಾಗಿತ್ತು?"

"ನೀನೂ ಹೇಳ್ಲಿಲ್ಲ," ಗುಂಡಿ ಬಿಕ್ಕುತ್ತಲೇ ಅಂದಳು. "ಬೇಗ ವಾಸಿ ಆಗುತ್ತೆ ಅಂದೆ. ವಾಸಿ ಆಗೋದೇ ಇಲ್ಲ ಅಂತ ಹೇಳ್ಲೇ ಇಲ್ಲ."

ಡ್ರಿಪ್ಪಿನ ನೀರು ಟಪ್ ಟಪ್ ಬೀಳುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಅಜ್ಜಿ ಟೀ ತಂದಳು. ಅದೂ ತಣ್ಣಗಾಗಿತ್ತು.

ಮನೆಗೆ ಬಂದು ಮೂರನೇ ದಿನ ಕಾಲರಕ್ಕ ಬಂದಳು. ಕೂರು ಅಂದರೂ ಕೂರಲಿಲ್ಲ. ಹೊಸಿಲಲ್ಲೇ ನಿಂತು ಸೆರಗಿನ ತುದಿ ಸುತ್ತುತ್ತಿದ್ದಳು.

"ಮೆಶಿನ್ನು ಎಷ್ಟು ದಿನ ಖಾಲಿ ಇಡೋಕಾಗುತ್ತೆ ಅಂದ ಕಣೇ ಅವನು. ನಾನು ಹೇಳ್ದೆ, ಅರವತ್ತಮೂರು ಹೊಲಿದಿದಾಳಲ್ಲ ಅಂತ. ಅದು ಸೋಮವಾರದ್ದು, ಇವತ್ತು ಯಾವ ವಾರ ಅಂದ."

"ಯಾರನ್ನ ಕೂರಿಸಿದ್ರು?" ಅಮ್ಮ ಕೇಳಿದಳು.

"ಅದೇ, ಕಫ್ ಹೊಲೀತಿದ್ಳಲ್ಲ, ಆ ಹುಡುಗಿ. ಸುಕ್ಕು ಬರುತ್ತೆ ಅವಳದ್ದು. ಬಿಚ್ಚಿ ಬಿಚ್ಚಿ ಹೊಲೀತಾಳೆ. ಊಟಕ್ಕೆ ಕೂತಾಗ ನಾನೇ ಹೇಳ್ದೆ, ತೋಳಕ್ಕಾ, ಎಡಗೈ ಸ್ವಲ್ಪ..."

ಕಾಲರಕ್ಕ ನಾಲಿಗೆ ಕಚ್ಚಿಕೊಂಡಳು.

ಒಂಬತ್ತು ವರ್ಷದ ಹೆಸರು. ಹತ್ತು ದಿನಕ್ಕೆ ಬೇರೆಯವಳದಾಗಿತ್ತು. ಹೆಸರು ಅಮ್ಮನದಾಗಿರಲೇ ಇಲ್ಲ, ಮೆಶಿನ್ನಿನದಾಗಿತ್ತು.

"ಎಡಗೈ ಸ್ವಲ್ಪ ಏನು?" ಅಮ್ಮ ಕೇಳಿದಳು.

"ಬಿಡೇ..."

"ಎಡಗೈ ಸ್ವಲ್ಪ ಹಿಂದಕ್ಕಿಟ್ಟು ತಿರುಗಿಸ್ಬೇಕು. ಎಳೀಬಾರ್ದು. ಬಟ್ಟೆ ತಾನಾಗೇ ಬರ್ಬೇಕು. ಹೇಳು ಅವಳಿಗೆ."

ಕಾಲರಕ್ಕ ತಲೆಯಾಡಿಸಿದಳು. "ಹೇಳ್ತೀನಿ," ಅಂದು ಹೊರಟುಹೋದಳು.

ಹೊಸ ಬಿಗಿತೋಳು ಬರಲು ಐದು ವಾರ ಬೇಕಿತ್ತು. ಅದುವರೆಗೆ ಬ್ಯಾಂಡೇಜ್ ಸುತ್ತಬೇಕು. ಮೇಡಂ ಕಲಿಸಿದರು, ಗುಂಡಿ ಕಲಿತಳು. ಮಣಿಕಟ್ಟಿನ ಹತ್ತಿರ ಬಿಗಿ, ಮೇಲಕ್ಕೆ ಹೋದ ಹಾಗೆ ಸ್ವಲ್ಪ ಸ್ವಲ್ಪವೇ ಸಡಿಲ. ಆಗಲೇ ನೀರು ಮೇಲೆ ಹತ್ತುವುದು. ಎಷ್ಟು ಸಡಿಲ ಅನ್ನುವುದು ಕೈಗೆ ಗೊತ್ತಾಗಬೇಕು. ಮೊದಲ ವಾರ ದಿನಾ ಎರಡೆರಡು ಸಲ ಬಿಚ್ಚಿ ಸುತ್ತಿದಳು. ಗಂಟು ಹಾಕುವ ಹಾಗಿಲ್ಲ. ಟೇಪ್ ಅಂಟಿಸಬೇಕು.

ಅಮ್ಮ ಆ ಐದು ವಾರ ಬೈದದ್ದೂ ಕಡಿಮೆ, ನಕ್ಕದ್ದೂ ಕಡಿಮೆ. ಗುಂಡಿ ಬೆರಳಿನಿಂದ ಬರೆಯುವ ಆಟ ಬಿಟ್ಟುಬಿಟ್ಟಳು.

ಒಂದು ದಿನ ಅಮ್ಮ ಶಾಲೆಯ ಗೇಟಿನ ಹತ್ತಿರ ಬಂದಿದ್ದಳು, ಆಸ್ಪತ್ರೆಗೆ ಕರೆದುಕೊಂಡು ಹೋಗಲು. ಬ್ಯಾಂಡೇಜಿನ ಕೈ ಇನ್ನೂ ದಪ್ಪಗೆ ಕಾಣುತ್ತಿತ್ತು. "ಯಾರೇ ಅದು?" ಉದ್ದ ಜಡೆಯವಳು ಕೇಳಿದಳು.

"ನಮ್ಮಮ್ಮ," ಗುಂಡಿ ಅಂದಳು. "ಪಂಪ್ ಅಲ್ಲ. ಒಳಗೆ ನೀರು ನಿಂತಿರೋದು. ನಿಂಗೆ ಬೇಕಾದ್ರೆ ಬರೆದು ತೋರಿಸ್ತೀನಿ."

ಜಡೆಯವಳು ಬೇಡ ಅಂದಳು.

ಐದು ವಾರವಲ್ಲ, ಏಳು ವಾರಕ್ಕೆ ಹೊಸ ಬಿಗಿತೋಳು ಬಂತು. ಮಾರನೇ ದಿನವೇ ಅಮ್ಮ ಕೆಲಸಕ್ಕೆ ಹೊರಟಳು. ದಾರ ಕತ್ತರಿಸುವ ಕಡೆಗೆ.

ಗುಂಡಿ ಹಳದಿ ಗ್ಲೌಸ್ ಹಾಕಿಕೊಂಡಳು. ಮೊದಲು ಬಿಗಿತೋಳನ್ನು ಒಳಗಡೆ ಹೊರಗೆ ಮಾಡಿ, ಹೊಲಿಗೆಯುದ್ದಕ್ಕೂ ಹೆಬ್ಬೆರಳು ಸರಿಸಿದಳು. ಎಲ್ಲೂ ಏನೂ ಸಿಗಲಿಲ್ಲ. ಅಮ್ಮ ನೋಡುತ್ತಿದ್ದಳು.

ಮಣಿಕಟ್ಟು ದಾಟಿತು. ಮುಂಗೈ ದಾಟಿತು. ಮೊಣಕೈ ಹತ್ತಿರ ನಿಂತಿತು.

"ಸ್ಸ್," ಅಮ್ಮ ಅಂದಳು. ಅವಳ ಕಣ್ಣಂಚು ಒದ್ದೆಯಾಗಿತ್ತು.

ಗುಂಡಿ ಕೈ ನಿಲ್ಲಿಸಿದಳು. "ಬಿಗೀನಾ?"

"ಬಿಗಿ."

"ತುಂಬಾ?"

"ತುಂಬಾ."

ಗುಂಡಿ ಅಮ್ಮನ ಮುಖ ನೋಡಿದಳು. ಆಮೇಲೆ ಮಂಚದ ಕಾಲಿಗೆ ಪಾದ ಒತ್ತಿ, ಹಲ್ಲು ಕಚ್ಚಿ, ಎಳೆದಳು.

ಹೊರಗೆ ಕಾಲರಕ್ಕನ ಚಪ್ಪಲಿ ಸದ್ದಾಯಿತು. ಬಾಗಿಲ ತನಕ ಬಂದು, ಅಲ್ಲೇ ನಿಂತಿತು. ಇವತ್ತು ಯಾವ ಹೆಸರಿನಿಂದಲೂ ಕೂಗು ಬರಲಿಲ್ಲ.

"ಬಂದೇ ಕಣೇ!" ಒಳಗಿನಿಂದ ಅಮ್ಮನೇ ಕೂಗಿದಳು. "ದಾರಕ್ಕ ಬಂದ್ಳು! ಬಸ್ಸನ್ನ ಹಿಡ್ಕೋ!"

ಗುಂಡಿ ಗ್ಲೌಸಿನ ಬೆರಳಿನಿಂದ ಕೊನೆಯ ಸುಕ್ಕನ್ನು ಕಂಕುಳಿನವರೆಗೆ ತಳ್ಳಿ, ನೇರ ಮಾಡಿದಳು.